ಊರಿಗೆಲ್ಲ ಗೊತ್ತಿರುವ ಮಾಯೆ, ಕೆಲವರಿಗಷ್ಟೇ ಗೊತ್ತಿರುವ ಗುಟ್ಟು: ಮಾಂತ್ರಿಕ ವಾಸ್ತವದ ಯಾವ ಕಾದಂಬರಿ ಓದಬೇಕು?

1758ರ ಜನವರಿ. ಇಂದಿನ ಹೈಟಿ ಆಗ ಫ್ರೆಂಚರ ವಸಾಹತು. ಕಬ್ಬಿನ ತೋಟಗಳಲ್ಲಿ ದುಡಿಸಲು ಆಫ್ರಿಕಾದಿಂದ ಹಿಡಿದು ತಂದ ಗುಲಾಮರೇ ಅಲ್ಲಿ ಜಾಸ್ತಿ. ಅವರಲ್ಲೊಬ್ಬ ಮಕಂದಾಲ್. ಕಬ್ಬಿನ ಗಾಣಕ್ಕೆ ಸಿಕ್ಕಿ ಕೈ ಕಳೆದುಕೊಂಡವನು. ತೋಟದಿಂದ ತಪ್ಪಿಸಿಕೊಂಡು ಕಾಡು ಸೇರಿದ. ವಿಷದ ಗಿಡಮೂಲಿಕೆಗಳಿಂದಲೇ ಬಿಳಿಯ ಧಣಿಗಳನ್ನು ನಡುಗಿಸಿದ. ಕೊನೆಗೆ ಸಿಕ್ಕಿಬಿದ್ದ. ಊರಿನ ಚೌಕದಲ್ಲಿ, ಗುಲಾಮರ ಕಣ್ಣೆದುರೇ, ಅವನನ್ನು ಕಂಬಕ್ಕೆ ಕಟ್ಟಿ ಸುಟ್ಟರು.

ಇಷ್ಟು ಚರಿತ್ರೆ. ಕ್ಯೂಬಾದ ಲೇಖಕ ಅಲೆಹೊ ಕಾರ್ಪೆಂಟಿಯರ್ 1949ರ ತಮ್ಮ ‘ದಿ ಕಿಂಗ್‌ಡಮ್ ಆಫ್ ದಿಸ್ ವರ್ಲ್ಡ್’ ಕಾದಂಬರಿಯಲ್ಲಿ ಇದೇ ಘಟನೆಯನ್ನು ಹೇಳುತ್ತಾರೆ. ಬೆಂಕಿ ತಾಗುತ್ತಿದ್ದಂತೆ ಮಕಂದಾಲ್‌ನ ಕಟ್ಟು ಬಿಚ್ಚಿಹೋಗುತ್ತದೆ. ಅವನು ಮೇಲಕ್ಕೆ ನೆಗೆದು ಜನರ ತಲೆಯ ಮೇಲೆ ಹಾರುತ್ತಾನೆ. ಮಕಂದಾಲ್ ಪಾರಾದ ಎಂದು ಗುಲಾಮರೆಲ್ಲ ಕೂಗುತ್ತಾರೆ. ಚೌಕದಲ್ಲಿ ಗದ್ದಲವೋ ಗದ್ದಲ. ಸೈನಿಕರು ಅವನನ್ನು ಹಿಡಿದು ತಲೆಕೆಳಗಾಗಿ ಮತ್ತೆ ಬೆಂಕಿಗೆ ತಳ್ಳಿದ್ದು ಆ ಗದ್ದಲದಲ್ಲಿ ಹೆಚ್ಚಿನವರಿಗೆ ಕಾಣುವುದೇ ಇಲ್ಲ. ಆ ಸಂಜೆ ಗುಲಾಮರು ನಗುನಗುತ್ತಾ ತೋಟಕ್ಕೆ ಮರಳುತ್ತಾರೆ.

ಮಕಂದಾಲ್ ಸತ್ತದ್ದೂ ನಿಜ, ಹಾರಿದ್ದೂ ನಿಜ. ಸತ್ತದ್ದನ್ನು ಧಣಿಗಳು ಕಡತದಲ್ಲಿ ಬರೆದಿಟ್ಟರು. ಹಾರಿದ್ದನ್ನು ಗುಲಾಮರು ತಮ್ಮ ಮಕ್ಕಳಿಗೆ ಹೇಳಿದರು. ಕಾದಂಬರಿ ಎರಡನ್ನೂ ಒಂದೇ ಪುಟದಲ್ಲಿ ಇಡುತ್ತದೆ, ಒಂದರಿಂದ ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ಮಾಂತ್ರಿಕ ವಾಸ್ತವತೆ ಎಂಬ ಬರವಣಿಗೆಯನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಈ ಬಗೆಯ ಕಾದಂಬರಿ ಓದಬೇಕು ಅಂತ ಹೊರಟವರಿಗೆ ಎದುರಾಗುವ ತೊಂದರೆ ಬೇರೆ. ಚರಿತ್ರೆ ಇರಬೇಕು, ಜೊತೆಗೆ ರಸವಿದ್ಯೆ, ತಂತ್ರ, ಕಬ್ಬಾಲ (ಯಹೂದಿಗಳ ಗೂಢವಿದ್ಯೆ), ಗುಪ್ತ ಸಂಘ ಇಂಥದ್ದೂ ಇರಬೇಕು ಎಂದು ಹುಡುಕಿದರೆ ಹತ್ತಾರು ಹೆಸರು ಸಿಗುತ್ತವೆ. ಮಾರ್ಕ್ವೆಜ್, ಬುಲ್ಗಾಕೊವ್, ಇಕೋ, ಕೊಯೆಲೊ, ತೊಕಾರ್ಚುಕ್ ಎಲ್ಲರೂ ಒಂದೇ ಸಾಲಿನಲ್ಲಿ. ಆದರೆ ಇವು ಒಂದೇ ಜಾತಿಯ ಪುಸ್ತಕಗಳಲ್ಲ. ಒಂದನ್ನು ಮೆಚ್ಚಿದವರು ಇನ್ನೊಂದನ್ನು ಐವತ್ತು ಪುಟಕ್ಕೇ ಕೆಳಗಿಡಬಹುದು. ಹಾಗೆ ಕೆಳಗಿಟ್ಟಾಗ ಪುಸ್ತಕ ಕಷ್ಟ ಅಂತಲೋ, ನಮಗೆ ಓದು ಬರುವುದಿಲ್ಲ ಅಂತಲೋ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ತಪ್ಪಿರುವುದು ಆಯ್ಕೆಯಲ್ಲಿ.

ಆಯ್ಕೆಗೆ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಪುಸ್ತಕದೊಳಗಿನ ಮಾಯೆ ಯಾರದ್ದು? ಅದು ಊರಿಗೆಲ್ಲ ಗೊತ್ತಿರುವುದೋ, ಕೆಲವರು ಮಾತ್ರ ಬಲ್ಲ ಗುಟ್ಟೋ? ಪುಸ್ತಕ ನಿಮ್ಮಿಂದ ಎಂಥ ಓದನ್ನು ಕೇಳುತ್ತದೆ ಎಂಬುದು ಬಹುಮಟ್ಟಿಗೆ ಇದರ ಮೇಲೇ ನಿಂತಿದೆ.

ಊರ ಮಾಯೆ

ಮೊದಲ ಬಗೆಯಲ್ಲಿ ಮಾಯೆ ಬಯಲಲ್ಲೇ ನಡೆಯುತ್ತದೆ. ಗಾಬ್ರಿಯೆಲ್ ಗಾರ್ಸಿಯಾ ಮಾರ್ಕ್ವೆಜ್ ಅವರ ‘ಒನ್ ಹಂಡ್ರೆಡ್ ಇಯರ್ಸ್ ಆಫ್ ಸಾಲಿಟ್ಯೂಡ್’ (1967) ಕಾದಂಬರಿಯಲ್ಲಿ ಸುಂದರಿ ರೆಮೆದಿಯೋಸ್ ಬಟ್ಟೆ ಮಡಚುತ್ತಿರುವಾಗಲೇ ಹೊದಿಕೆಗಳ ಸಮೇತ ಆಕಾಶಕ್ಕೆ ಏರಿಹೋಗುತ್ತಾಳೆ. ಮನೆಯ ಸೊಸೆ ಫೆರ್ನಾಂದಾಗೆ ಚಿಂತೆ ಹೊದಿಕೆಗಳದ್ದು. ಅವನ್ನಾದರೂ ವಾಪಸ್ ಕಳಿಸು ಎಂದು ದೇವರನ್ನು ಬೇಡಿಕೊಳ್ಳುತ್ತಾಳೆ. ಯಾಕೆ ಹೀಗಾಯಿತು ಎಂದು ಯಾರೂ ತನಿಖೆಗೆ ಇಳಿಯುವುದಿಲ್ಲ.

ಫ್ಯಾಂಟಸಿ ಕಾದಂಬರಿಗೂ ಇದಕ್ಕೂ ಇರುವ ಅಂತರ ಇಲ್ಲೇ ಇದೆ. ಫ್ಯಾಂಟಸಿ ತನ್ನದೇ ಒಂದು ಲೋಕ ಕಟ್ಟುತ್ತದೆ, ಅದಕ್ಕೆ ಬೇರೆ ನಿಯಮಗಳು. ದೆವ್ವದ ಕಥೆಯಲ್ಲಿ ದೆವ್ವ ಬಂದರೆ ಹೆದರಬೇಕು. ಮಾಂತ್ರಿಕ ವಾಸ್ತವದಲ್ಲಿ ಲೋಕ ನಮ್ಮದೇ. ಸಾಲ, ಮದುವೆ, ಚುನಾವಣೆ, ಯುದ್ಧ ಎಲ್ಲ ಇದ್ದಂತೆಯೇ ಇರುತ್ತವೆ. ನಡುವೆ ಸತ್ತವರು ಬಂದು ಕೂರುತ್ತಾರೆ. ಮನೆಯವರು ಅವರಿಗೂ ಜಾಗ ಮಾಡಿಕೊಡುತ್ತಾರೆ, ಅಷ್ಟೇ.

ಮಾಂತ್ರಿಕ ವಾಸ್ತವ ಎಂಬ ಹೆಸರಿನ ಹಿನ್ನೆಲೆ ಇಷ್ಟು. 1925ರಲ್ಲಿ ಜರ್ಮನಿಯ ಕಲಾ ವಿಮರ್ಶಕ ಫ್ರಾಂಜ್ ರೋ ಇದನ್ನು ಬಳಸಿದ್ದು ಚಿತ್ರಕಲೆಯ ಬಗ್ಗೆ ಬರೆಯುವಾಗ. ಸಾಹಿತ್ಯಕ್ಕೆ, ಅದರಲ್ಲೂ ಲ್ಯಾಟಿನ್ ಅಮೆರಿಕದ ಕಾದಂಬರಿಗೆ, ಅದು ಅಂಟಿಕೊಂಡದ್ದು ಆಮೇಲೆ. ಕಾರ್ಪೆಂಟಿಯರ್ ತಮ್ಮ ಕಾದಂಬರಿಯ ಮುನ್ನುಡಿಯಲ್ಲಿ ಅದ್ಭುತ ವಾಸ್ತವ ಎಂಬ ಮಾತು ತಂದರು. 1943ರಲ್ಲಿ ಅವರು ಹೈಟಿಗೆ ಹೋಗಿದ್ದರು. ಯೂರೋಪಿನ ಕಲಾವಿದರು ಕೂತು ಯೋಚಿಸಿ ಹುಟ್ಟಿಸುವ ವಿಸ್ಮಯ ಹೈಟಿಯಲ್ಲಿ ದಿನನಿತ್ಯದ ಬದುಕಿನಲ್ಲೇ ಇದೆ ಎಂದು ಅವರಿಗೆ ಅನ್ನಿಸಿತು. ಅದನ್ನು ಕಾಣಲು ನಂಬಿಕೆ ಬೇಕು ಎಂಬುದು ಅವರ ವಾದ. ನಂಬಿಕೆ ಎಂದಾಗ ಅವರ ಮನಸ್ಸಿನಲ್ಲಿದ್ದದ್ದು ಒಂದಿಡೀ ಜನಸಮುದಾಯದ ನಂಬಿಕೆ.

ಕನ್ನಡ ಓದುಗರಿಗೆ ಈ ದಾರಿ ಅಷ್ಟೇನೂ ಹೊಸದಲ್ಲ. ಮೈಮೇಲೆ ದೇವರು ಬರುವುದನ್ನು ಕಂಡವರು ನಾವು. ತುಳುನಾಡಿನಲ್ಲಿ ದೈವ ನುಡಿ ಕೊಟ್ಟರೆ ಜಮೀನಿನ ತಗಾದೆಯೂ ಬಗೆಹರಿಯುತ್ತಿತ್ತು. ಚಂದ್ರಶೇಖರ ಕಂಬಾರರ ‘ಕರಿಮಾಯಿ’ಯಲ್ಲಿ ಶಿವಾಪುರದ ಊರ ತಾಯಿಯೂ ಕಥೆಯ ಒಂದು ಪಾತ್ರವೇ. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ಜೋತಮ್ಮಗಳು, ಅಂದರೆ ಮನೆಯ ದೀಪಗಳ ಆತ್ಮಗಳು, ಒಂದು ಕಡೆ ಸೇರಿ ಮನೆಮನೆಯ ಸುದ್ದಿ ಮಾತಾಡಿಕೊಳ್ಳುತ್ತವೆ, ಮಂಚವೂ ಬಾಯಿ ಬಿಡುತ್ತದೆ. ಜಾತಿಯ ಕಾರಣಕ್ಕೆ ನಡೆದ ಕೊಲೆಯನ್ನು ಮನುಷ್ಯರು ಮುಚ್ಚಿಟ್ಟಿರುವ ಊರದು. ಇವನ್ನು ಓದಿದವರಿಗೆ ಮಕಂದಾಲ್ ಹಾರುವುದು ವಿಚಿತ್ರ ಅನ್ನಿಸುವುದಿಲ್ಲ. ಹೊಸದಾಗಿ ಕಲಿಯಬೇಕಾದದ್ದು ಅಲ್ಲಿನ ಚರಿತ್ರೆ.

ಆ ಚರಿತ್ರೆ ಎಷ್ಟು ಬೇಕು ಎಂಬುದು ಪುಸ್ತಕದಿಂದ ಪುಸ್ತಕಕ್ಕೆ ಬೇರೆಯಾಗುತ್ತದೆ. ಹೈಟಿಯ ವಿಷಯದಲ್ಲಿ ಎರಡು ಮೂರು ಸಂಗತಿ ಗೊತ್ತಿದ್ದರೆ ಸಾಕು. 1791ರಲ್ಲಿ ಗುಲಾಮರು ದಂಗೆ ಎದ್ದರು. 1804ರಲ್ಲಿ ದೇಶ ಸ್ವತಂತ್ರವಾಯಿತು. ದಂಗೆಯ ನಾಯಕರಲ್ಲಿ ಒಬ್ಬನಾದ ಆನ್ರಿ ಕ್ರಿಸ್ತೋಫ್ ಮುಂದೆ ಉತ್ತರ ಭಾಗಕ್ಕೆ ರಾಜನಾದ. ಬೆಟ್ಟದ ತುದಿಯಲ್ಲಿ ಭಾರಿ ಕೋಟೆ ಕಟ್ಟಿಸಿದ. 1820ರಲ್ಲಿ ಜನ ತಿರುಗಿಬಿದ್ದಾಗ ತಾನೇ ಗುಂಡು ಹಾರಿಸಿಕೊಂಡು ಸತ್ತ. ಆ ಕೋಟೆ ಈಗಲೂ ನಿಂತಿದೆ, 1982ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಕಾದಂಬರಿಯ ಟಿ ನೋಯೆಲ್ ಬಿಳಿಯ ಧಣಿಯ ಗುಲಾಮನಾಗಿದ್ದವನು. ಬಿಡುಗಡೆಯಾಗಿ ಊರಿಗೆ ಬಂದರೆ, ಕಪ್ಪು ರಾಜನ ಕೋಟೆಗೆ ಇಟ್ಟಿಗೆ ಹೊರುವ ಕೆಲಸ ಅವನ ಬೆನ್ನಿಗೆ ಬೀಳುತ್ತದೆ. ಕೊನೆಯಲ್ಲಿ ಅವನೂ ಮಕಂದಾಲ್‌ನಂತೆ ರೂಪ ಬದಲಿಸಲು ಕಲಿಯುತ್ತಾನೆ. ಇರುವೆ ಆದರೆ ಅಲ್ಲೂ ಹೊರೆ ಹೊರಬೇಕು. ಹೆಬ್ಬಾತು ಆಗಲು ಹೋದರೆ ಹೆಬ್ಬಾತುಗಳು ಅವನನ್ನು ತಮ್ಮ ಗುಂಪಿಗೆ ಸೇರಿಸಿಕೊಳ್ಳುವುದಿಲ್ಲ. ಮಾಯೆ ಕೈಗೆ ಬಂದರೂ ಬಿಡುಗಡೆ ಬರಲಿಲ್ಲ ಎಂಬುದನ್ನು ಇಷ್ಟು ನೇರವಾಗಿ ಹೇಳಿದ ಕಾದಂಬರಿಗಳು ಕಮ್ಮಿ.

ಚಿಕ್ಕ ಪುಸ್ತಕ. ವಾರಾಂತ್ಯದಲ್ಲಿ ಮುಗಿಯುತ್ತದೆ. ಮೊದಲು ಯಾವುದನ್ನು ಓದಲಿ ಎಂದು ಕೇಳುವವರಿಗೆ ನನ್ನ ಉತ್ತರ ಇದೇ.

ಮಾರ್ಕ್ವೆಜ್ ಅವರನ್ನು ಎರಡನೆಯದಾಗಿ ಓದುವುದು ಒಳ್ಳೆಯದು. ಅವರದ್ದು ದೊಡ್ಡ ಸಂಸಾರ. ತಲೆಮಾರು ತಲೆಮಾರಿಗೂ ಅದೇ ಹೆಸರುಗಳು, ಆ ಮನೆಯ ಕರ್ನಲ್‌ನ 17 ಗಂಡುಮಕ್ಕಳೂ ಔರೇಲಿಯಾನೋಗಳೇ. ಶುರುವಿನ ಪುಟದಲ್ಲಿ ವಂಶವೃಕ್ಷ ಇರುವ ಪ್ರತಿ ಕೊಂಡುಕೊಳ್ಳಿ. ಯಾರು ಯಾರ ಮಗ ಎಂದು ಪ್ರತಿ ಸಲ ತಡಕಾಡಬೇಕಿಲ್ಲ. ಹೆಸರು ಬೆರೆಯಲಿ ಎಂಬುದೇ ಬರೆದವರ ಉದ್ದೇಶ.

ಈ ಕಾದಂಬರಿಯ ನಡುವೆ ಒಂದು ಗೋಲಿಬಾರ್ ಬರುತ್ತದೆ. ಬಾಳೆ ತೋಟದ ಕೂಲಿಗಳು ಮುಷ್ಕರ ಹೂಡುತ್ತಾರೆ. ರೈಲು ನಿಲ್ದಾಣದ ಮುಂದೆ ಸೇರಿದ ಜನರ ಮೇಲೆ ಸೈನ್ಯ ಮೆಷಿನ್‌ಗನ್ ಹಾರಿಸುತ್ತದೆ. ಪ್ರಜ್ಞೆ ತಪ್ಪಿ ಬಿದ್ದ ಅದೇ ಮನೆಯ ಹೊಸೆ ಅರ್ಕಾದಿಯೋ ಸೆಗುಂದೋ ಕಣ್ಣು ಬಿಟ್ಟಾಗ ಹೆಣ ತುಂಬಿದ ರೈಲಿನಲ್ಲಿದ್ದಾನೆ. ಜಿಗಿದು ತಪ್ಪಿಸಿಕೊಂಡು ಊರಿಗೆ ಬಂದು ಮೂರು ಸಾವಿರ ಜನ ಸತ್ತರು ಅನ್ನುತ್ತಾನೆ. ಇಲ್ಲಿ ಯಾರೂ ಸತ್ತಿಲ್ಲವಲ್ಲ ಎಂದು ಊರವರು ಅವನಿಗೇ ಹೇಳುತ್ತಾರೆ. ಆಮೇಲೆ ಮಳೆ ಹಿಡಿಯುತ್ತದೆ. 4 ವರ್ಷ, 11 ತಿಂಗಳು, 2 ದಿನ.

ಇದಕ್ಕೆ ಮೂಲ ನಿಜದ ಘಟನೆ. 1928ರ ಡಿಸೆಂಬರ್‌ನಲ್ಲಿ ಕೊಲಂಬಿಯಾದ ಸಿಯೆನಾಗಾದಲ್ಲಿ ಯುನೈಟೆಡ್ ಫ್ರೂಟ್ ಕಂಪನಿಯ ತೋಟಗಳ ಕೂಲಿಗಳು ಮುಷ್ಕರದಲ್ಲಿದ್ದರು. ಸೈನ್ಯ ಗುಂಡು ಹಾರಿಸಿತು. ಸತ್ತವರೆಷ್ಟು ಎಂಬ ಜಗಳ ಇಂದಿಗೂ ಮುಗಿದಿಲ್ಲ. ಮೂರು ಸಾವಿರ ಎಂಬುದು ಕಾದಂಬರಿಯ ಅಳತೆಗೆ ತಕ್ಕಂತೆ ತಾವು ಹಿಗ್ಗಿಸಿದ ಸಂಖ್ಯೆ ಎಂದು ಮಾರ್ಕ್ವೆಜ್ ಆಮೇಲೆ ಹೇಳಿದರು. ಈಗ ನೋಡಿ, ಈ ಪ್ರಸಂಗದಲ್ಲಿ ನಂಬಲಾಗದ್ದು ಯಾವುದು? ಐದು ವರ್ಷದ ಮಳೆಯನ್ನು ಊರು ಒಪ್ಪಿಕೊಳ್ಳುತ್ತದೆ. ಕಣ್ಣೆದುರಿನ ಕೊಲೆಯನ್ನು ಒಪ್ಪುವುದಿಲ್ಲ. ಚರಿತ್ರೆಯಿಂದ ಅಳಿಸಿಹೋದದ್ದನ್ನು ಎತ್ತಿ ತೋರಿಸಲು ಮಾಯೆ ಬಂದಿದೆ. ಸುಮ್ನೆ ಅಲಂಕಾರಕ್ಕೆ ಬಂದ ಮಾಯೆ ಇದಲ್ಲ.

ಗೊತ್ತಿಲ್ಲದ ದೇಶದ ಚರಿತ್ರೆ ಬೇಡ ಅನ್ನುವವರು ಸಲ್ಮಾನ್ ರಶ್ದಿ ಅವರ ‘ಮಿಡ್‌ನೈಟ್ಸ್ ಚಿಲ್ಡ್ರನ್’ (1981) ಎತ್ತಿಕೊಳ್ಳಬಹುದು. ಭಾರತ ಸ್ವತಂತ್ರವಾದ ರಾತ್ರಿಯ ಮೊದಲ ಗಂಟೆಯಲ್ಲಿ 1001 ಮಕ್ಕಳು ಹುಟ್ಟುತ್ತಾರೆ. ಪ್ರತಿಯೊಬ್ಬರಿಗೂ ಒಂದೊಂದು ಶಕ್ತಿ. ನಡುರಾತ್ರಿಗೆ ಹತ್ತಿರ ಹುಟ್ಟಿದಷ್ಟೂ ಶಕ್ತಿ ಹೆಚ್ಚು. ಇಲ್ಲಿ ನಮಗೊಂದು ಅನುಕೂಲ ಇದೆ. ದೇಶ ವಿಭಜನೆ, ಭಾಷಾವಾರು ರಾಜ್ಯಗಳ ಗಲಾಟೆ, 1971ರ ಯುದ್ಧ, ತುರ್ತು ಪರಿಸ್ಥಿತಿ, ಇವೆಲ್ಲ ನಮಗೆ ಗೊತ್ತಿರುವುದೇ. ಹಾಗಾಗಿ ಕಥೆಗಾರ ಸಲೀಂ ಎಲ್ಲಿ ಚರಿತ್ರೆಯನ್ನು ತಿರುಚುತ್ತಾನೆ ಎಂಬುದು ಕೂಡಲೇ ಕಾಣುತ್ತದೆ. ಗಾಂಧೀಜಿ ಸತ್ತ ದಿನವನ್ನೇ ಅವನು ತಪ್ಪು ಹೇಳುತ್ತಾನೆ. ತಪ್ಪು ಎಂದು ಗೊತ್ತಾದ ಮೇಲೂ ತಿದ್ದುವುದಿಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಆ ಮಕ್ಕಳನ್ನು ಹಿಡಿದು ಸಂತಾನಹರಣ ಮಾಡಿಸುತ್ತದೆ, ಅವರ ಶಕ್ತಿಯೂ ಹೋಗುತ್ತದೆ. ಇಷ್ಟೆಲ್ಲ ಮಾಯೆ ತುಂಬಿದ ಪುಸ್ತಕದಲ್ಲಿ ಇಂದಿರಾ ಗಾಂಧಿ 1984ರಲ್ಲಿ ಕೋರ್ಟಿಗೆ ಎಳೆದದ್ದು ತಮ್ಮ ಕುಟುಂಬದ ಬಗ್ಗೆ ಇದ್ದ ಒಂದೇ ಒಂದು ವಾಕ್ಯವನ್ನು. ಆ ವಾಕ್ಯ ಮುಂದಿನ ಮುದ್ರಣಗಳಲ್ಲಿ ಇಲ್ಲ.

ರಶ್ದಿ ಅವರ ಇಂಗ್ಲಿಷ್ ಸರಾಗವಾಗಿ ಓದಿಸಿಕೊಳ್ಳುವಂಥದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಉದ್ದುದ್ದ ವಾಕ್ಯ, ನೂರು ಉಪಕಥೆ. ಹರಿಕಥೆ ಕೇಳುವ ತಾಳ್ಮೆ ಇದ್ದರೆ ದಾಟಬಹುದು.

ಇದೇ ಸಾಲಿನಲ್ಲಿ ಇನ್ನೆರಡು. ಹ್ವಾನ್ ರುಲ್ಫೋ ಅವರ ‘ಪೆದ್ರೋ ಪಾರಾಮೋ’ (1955) ಬಹಳ ಚಿಕ್ಕದು, ಬಹಳ ಗಟ್ಟಿ. ಮಗ ಅಪ್ಪನನ್ನು ಹುಡುಕಿಕೊಂಡು ಕೊಮಾಲಾ ಎಂಬ ಊರಿಗೆ ಹೋಗುತ್ತಾನೆ, ಅಲ್ಲಿ ಮಾತಾಡುವವರೆಲ್ಲ ಸತ್ತವರು. ಮೆಕ್ಸಿಕೋದ ಕ್ರಾಂತಿ ಹಿಂದೆಲ್ಲೋ ಕೇಳಿಸುತ್ತಿರುತ್ತದೆ. ಒಂದೇ ಓದಿಗೆ ಎಲ್ಲ ಬಿಡಿಸಿಕೊಳ್ಳಬೇಕು ಅನ್ನುವವರಿಗೆ ಇದು ಬೇಡ. ಟೋನಿ ಮಾರಿಸನ್ ಅವರ ‘ಬಿಲವೆಡ್’ (1987) ಹಿಂದೆಯೂ ನಿಜದ ಹೆಣ್ಣೊಬ್ಬಳಿದ್ದಾಳೆ. 1856ರಲ್ಲಿ ಅಮೆರಿಕದ ಮಾರ್ಗರೆಟ್ ಗಾರ್ನರ್ ಹೆಪ್ಪುಗಟ್ಟಿದ ಓಹಾಯೋ ನದಿ ದಾಟಿ ಗುಲಾಮಗಿರಿಯಿಂದ ಓಡಿಬಂದಳು. ಹಿಡಿಯಲು ಬಂದವರ ಕೈಗೆ ಮಗು ಸಿಗದಿರಲಿ ಎಂದು ಪುಟ್ಟ ಮಗಳನ್ನು ತಾನೇ ಕೊಂದಳು. ಮಾರಿಸನ್ ಆ ಸತ್ತ ಮಗುವನ್ನು ಯುವತಿಯಾಗಿ ಮನೆಗೆ ಕರೆತರುತ್ತಾರೆ. ಎಳೆಯ ಮಕ್ಕಳಿರುವ ತಾಯಂದಿರು ಈ ಪುಸ್ತಕ ಓದುವಾಗ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾಗುತ್ತದೆ. ಈ ಲೇಖನದಲ್ಲಿ ಬರುವ ಎಲ್ಲ ಪುಸ್ತಕಗಳಲ್ಲಿ ನನ್ನನ್ನು ಹೆಚ್ಚು ಅಲ್ಲಾಡಿಸಿದ್ದು ಇದೇ.

ಗುಟ್ಟಿನ ಕೀಲಿ

ಎರಡನೆಯ ಬಗೆಯಲ್ಲಿ ಮಾಯೆಗೆ ಬಾಗಿಲಿದೆ, ಬೀಗವೂ ಇದೆ. ಕೀಲಿ ಯಾರ ಬಳಿ ಇದೆ ಎಂಬುದೇ ಕಥೆ. ಗೂಢವಿದ್ಯೆ ಬೇಕು ಎಂದು ಹುಡುಕುವವರು ಸಾಮಾನ್ಯವಾಗಿ ಬಯಸುವುದು ಇಂಥ ಪುಸ್ತಕ. ಇವು ಓದುಗರಿಂದ ಹೆಚ್ಚು ಕೇಳುತ್ತವೆ. ಊರ ಮಾಯೆಯನ್ನು ನಂಬಿದರೆ ಸಾಕು. ಗುಟ್ಟನ್ನು ಬಿಡಿಸಬೇಕು.

ಸೆರ್ಬಿಯಾದ ಮಿಲೊರಾದ್ ಪಾವಿಚ್ ಅವರ ‘ಡಿಕ್ಷನರಿ ಆಫ್ ದಿ ಖಜಾರ್ಸ್’ (1984) ಇದರ ತುದಿ. ಖಜಾರರು ನಿಜವಾಗಿ ಇದ್ದ ಜನ. ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ನಡುವೆ ಆಳಿದವರು. 8-9ನೇ ಶತಮಾನದ ಹೊತ್ತಿಗೆ ಅವರ ಅರಸು ಮನೆತನ ಯಹೂದಿ ಧರ್ಮಕ್ಕೆ ಸೇರಿತು ಎನ್ನುತ್ತದೆ ಚರಿತ್ರೆ. ಆಮೇಲೆ ಆ ಜನವೇ ಮಾಯವಾದರು. ಪಾವಿಚ್ ಕಾದಂಬರಿಯಲ್ಲಿ ಖಜಾರರ ಅರಸನಿಗೆ ಒಂದು ಕನಸು ಬೀಳುತ್ತದೆ. ಅರ್ಥ ಹೇಳಲು ಕ್ರೈಸ್ತ, ಮುಸ್ಲಿಂ, ಯಹೂದಿ ಪಂಡಿತರನ್ನು ಕರೆಸುತ್ತಾನೆ. ಸರಿಯಾದ ಅರ್ಥ ಹೇಳಿದವರ ಧರ್ಮಕ್ಕೆ ಸೇರುತ್ತೇನೆ ಎನ್ನುತ್ತಾನೆ. ಪುಸ್ತಕ ಇರುವುದು ನಿಘಂಟಿನ ರೂಪದಲ್ಲಿ, ಕೆಂಪು, ಹಸಿರು, ಹಳದಿ ಎಂದು ಮೂರು ಭಾಗ. ಮೂರು ಧರ್ಮದವರೂ ಅರಸ ನಮ್ಮವನಾದ ಎಂದೇ ಬರೆದುಕೊಂಡಿದ್ದಾರೆ. ಒಂದೇ ಪದಕ್ಕೆ ಮೂರು ಭಾಗದಲ್ಲಿ ಮೂರು ಕಥೆ. ಬೇರೆಯವರ ಕನಸಿನೊಳಗೆ ಹೋಗಿ ಬೇಟೆಯಾಡುವ ಪಂಥವೊಂದು ನಡುವೆ ಸುಳಿದಾಡುತ್ತದೆ. ಎಲ್ಲಿಂದ ಬೇಕಾದರೂ ಶುರು ಮಾಡಬಹುದು, ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಕಥೆ ಒಂದು ದಾರಿಯಲ್ಲಿ ಸಾಗಬೇಕು ಅನ್ನುವವರಿಗೆ ಹಿಂಸೆ. ಪದಬಂಧ, ವಂಶಾವಳಿ, ಹಳೆಯ ನಕ್ಷೆ ಇಂಥವುಗಳಲ್ಲಿ ಗಂಟೆಗಟ್ಟಲೆ ಮುಳುಗುವವರಿಗೆ ಹಬ್ಬ.

ಪೋಲೆಂಡಿನ ಓಲ್ಗಾ ತೊಕಾರ್ಚುಕ್ ಅವರ ‘ದಿ ಬುಕ್ಸ್ ಆಫ್ ಜೇಕಬ್’ (2014) ಇದಕ್ಕಿಂತ ದೊಡ್ಡ ಕೆಲಸ. ಇಂಗ್ಲಿಷಿನಲ್ಲಿ 900 ಪುಟ ದಾಟುತ್ತದೆ. ಯಾಕೋಬ್ ಫ್ರಾಂಕ್ (1726–1791) ನಿಜದ ವ್ಯಕ್ತಿ. ತಾನೇ ಮೆಸ್ಸಾಯ, ಅಂದರೆ ಯಹೂದಿಗಳು ಕಾಯುತ್ತಿರುವ ರಕ್ಷಕ, ಎಂದು ಹೇಳಿಕೊಂಡವನು. ಕಟ್ಟಳೆಗಳನ್ನು ಮುರಿಯುವುದರಲ್ಲೇ ಮುಕ್ತಿ ಇದೆ ಎಂದವನು. 1759ರಲ್ಲಿ ಲ್ವೂಫ್ ನಗರದಲ್ಲಿ ಅವನ ಯಹೂದಿ ಅನುಯಾಯಿಗಳು ಗುಂಪುಗುಂಪಾಗಿ ಕ್ರೈಸ್ತರಾದರು. ಆಮೇಲೆ ಚರ್ಚೇ ಅವನನ್ನು ಚೆನ್‌ಸ್ತೊಹೋವಾದ ಮಠದಲ್ಲಿ 13 ವರ್ಷ ಬಂಧನದಲ್ಲಿಟ್ಟಿತು. ಕಬ್ಬಾಲದ ಅಕ್ಷರ ಲೆಕ್ಕ, ಗುಪ್ತ ಆಚರಣೆ, ವ್ಯಾಪಾರ, ಪಾದ್ರಿಗಳ ಪತ್ರ, ಪ್ಲೇಗು ಎಲ್ಲವೂ ಇಲ್ಲಿವೆ. ಪುಟದ ಸಂಖ್ಯೆಗಳು ಹೀಬ್ರೂ ಪುಸ್ತಕದ ಹಾಗೆ ಹಿಂದಿನಿಂದ ಮುಂದಕ್ಕೆ ಬರುತ್ತವೆ.

ಇಷ್ಟು ದಾಖಲೆಗಳ ನಡುವೆ ತೊಕಾರ್ಚುಕ್ ಒಂದೇ ಒಂದು ದೊಡ್ಡ ಮಾಯೆ ಇಟ್ಟಿದ್ದಾರೆ. ಯೆಂಟೆ ಎಂಬ ಮುದುಕಿ ಮದುವೆ ಮನೆಯಲ್ಲಿ ಸಾಯುವ ಸ್ಥಿತಿಯಲ್ಲಿದ್ದಾಳೆ. ಮದುವೆ ನಿಲ್ಲಬಾರದು ಎಂದು ಅವಳ ಕೊರಳಿಗೆ ತಾಯಿತ ಕಟ್ಟುತ್ತಾರೆ. ಅವಳು ಅದನ್ನು ನುಂಗಿಬಿಡುತ್ತಾಳೆ. ಅಲ್ಲಿಂದ ಮುಂದೆ ಅವಳು ಸಾಯುವುದೂ ಇಲ್ಲ, ಬದುಕುವುದೂ ಇಲ್ಲ. ಎಲ್ಲವನ್ನೂ ಮೇಲಿನಿಂದ ನೋಡುತ್ತಿರುತ್ತಾಳೆ. ಗಂಡಸರು ಗುಟ್ಟು ಗುಟ್ಟು ಎಂದು ಕಾಪಾಡಿಕೊಂಡದ್ದೆಲ್ಲ ಒಬ್ಬ ಅಜ್ಜಿಗೆ ಕಾಣುತ್ತಿದೆ. ನನ್ನ ಮಟ್ಟಿಗೆ ಇಡೀ ಪುಸ್ತಕವನ್ನು ಹಿಡಿದು ನಿಲ್ಲಿಸಿರುವವಳು ಅವಳೇ. ಚರಿತ್ರೆಯ ಓದಿನಲ್ಲಿ ಪಳಗಿದವರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಇಲ್ಲ. ಹೊಸಬರು ಇದರಿಂದ ಶುರು ಮಾಡಬೇಡಿ.

ಉಂಬರ್ತೋ ಇಕೋ ಅವರ ‘ಫೂಕೋಸ್ ಪೆಂಡುಲಮ್’ (1988) ಹೆಸರು ಈ ಮಾತಿನಲ್ಲಿ ಬಂದೇ ಬರುತ್ತದೆ. ಗುಪ್ತ ಸಂಘ, ಮಧ್ಯಯುಗದ ಕ್ರೈಸ್ತ ಪಂಥವಾದ ಟೆಂಪ್ಲರ್ ಯೋಧರು, ಕಬ್ಬಾಲ, ರಸವಿದ್ಯೆ ಎಲ್ಲ ಇದರಲ್ಲಿ ಧಾರಾಳ. ಆದರೆ ಇದು ಮಾಂತ್ರಿಕ ವಾಸ್ತವವಲ್ಲ. ಮಿಲಾನಿನ ಪ್ರಕಾಶನ ಸಂಸ್ಥೆಯ ಮೂವರು ಸಂಪಾದಕರು ತಮಗೆ ಬರುವ ಹಸ್ತಪ್ರತಿಗಳನ್ನೆಲ್ಲ ಬೆರೆಸಿ ಒಂದು ಮಹಾ ಪಿತೂರಿಯನ್ನು ಕಟ್ಟುತ್ತಾರೆ. ಮೊದಲಿಗೆ ಅದು ಆಟ. ಆಮೇಲೆ ಅದನ್ನು ನಿಜವೆಂದು ನಂಬಿದವರು ಇವರನ್ನು ಹುಡುಕಿಕೊಂಡು ಬರುತ್ತಾರೆ. ಮಾಯೆ ಇಲ್ಲಿ ಎಲ್ಲೂ ನಡೆಯುವುದಿಲ್ಲ, ಮಾಯೆಯ ಹಸಿವು ಮನುಷ್ಯರನ್ನು ಏನು ಮಾಡುತ್ತದೆ ಎಂಬುದು ನಡೆಯುತ್ತದೆ. ಎಲ್ಲದರ ಹಿಂದೆಯೂ ಒಂದು ಗುಪ್ತ ಕೈ ಇದೆ ಎಂದು ನಂಬುವವರು ಇಷ್ಟೊಂದು ಇರುವ ನಮ್ಮ ಕಾಲಕ್ಕೆ ಇದು ಬಹಳ ಬೇಕಾದ ಪುಸ್ತಕ. ವಿಸ್ಮಯ ಬೇಕೆಂದು ಹೋದವರಿಗೆ ಮಾತ್ರ ನಿರಾಸೆಯಾದೀತು. ಇದರ ಪಕ್ಕದಲ್ಲೇ ಸಿಗುವ ಪಾಲೋ ಕೊಯೆಲೊ ಅವರ ‘ದಿ ಆಲ್ಕೆಮಿಸ್ಟ್’ (1988) ಇನ್ನೊಂದು ದಿಕ್ಕಿನದ್ದು. ಅಲ್ಲಿ ರಸವಿದ್ಯೆ ಒಬ್ಬ ಹುಡುಗನಿಗೆ ದಾರಿ ತೋರಿಸುವ ನೀತಿಕಥೆಯಾಗಿದೆ. ಮನಸ್ಸು ಕುಗ್ಗಿದಾಗ ಎಷ್ಟೋ ಜನರಿಗೆ ಅದು ಆಸರೆಯಾಗಿದೆ. ಚರಿತ್ರೆಯ ಭಾರ ಅದರಲ್ಲಿ ಇಲ್ಲ.

ಕನ್ನಡದಲ್ಲಿ ಚರಿತ್ರೆ ಮತ್ತು ಗೂಢಸಾಧನೆ ಒಟ್ಟಿಗೆ ಬೇಕೆಂದರೆ ಎಸ್.ಎಲ್. ಭೈರಪ್ಪ ಅವರ ‘ಸಾರ್ಥ’ (1998) ಇದೆ. 8ನೇ ಶತಮಾನದ ನಾಗಭಟ್ಟ ವರ್ತಕರ ಗುಂಪಿನ ಜೊತೆ ಹೊರಟು ಯೋಗ, ತಂತ್ರ, ನಾಲಂದಾ, ಮಂಡನ ಮಿಶ್ರರ ವಾದ ಎಲ್ಲವನ್ನೂ ಹಾದುಹೋಗುತ್ತಾನೆ. ಅವನ ಸಾಧನೆಯ ಅನುಭವಗಳು ಅವನೊಬ್ಬನವೇ, ಊರಿನದ್ದಲ್ಲ. ಗೋಪಾಲಕೃಷ್ಣ ಪೈ ಅವರ ‘ಸ್ವಪ್ನ ಸಾರಸ್ವತ’ (2009) ಪೋರ್ಚುಗೀಸರ ಕಾಟಕ್ಕೆ ಗೋವಾ ಬಿಟ್ಟುಬಂದ ಸಾರಸ್ವತರ ಕಥೆ. ಅದರಲ್ಲಿ ಆಗಾಗ ಕಾಣಿಸಿಕೊಳ್ಳುವ ನಾಗ್ಡೋ ಬೇತಾಳ ನಾನು ಹೇಳುತ್ತಿರುವ ಎರಡೂ ಬಗೆಗೆ ಸೇರಬಲ್ಲವನು.

ಎರಡೂ ಒಟ್ಟಿಗೆ ಬೇಕೆಂದರೆ

ಊರ ಮಾಯೆ, ಗುಟ್ಟು ಎರಡನ್ನೂ ಹೊತ್ತ ಪುಸ್ತಕಗಳೂ ಇವೆ. ಮಾರ್ಕ್ವೆಜ್ ಕಾದಂಬರಿಯಲ್ಲೇ ನೋಡಿ. ಜಿಪ್ಸಿ ಮೆಲ್ಕಿಯಾದೆಸ್ ಊರಿಗೆ ಅಯಸ್ಕಾಂತ ತರುತ್ತಾನೆ, ರಸವಿದ್ಯೆಯ ಪ್ರಯೋಗಶಾಲೆ ಕೊಡುತ್ತಾನೆ. ಸಾಯುವ ಮುಂಚೆ ಒಂದು ಕಟ್ಟು ಹಸ್ತಪ್ರತಿ ಬರೆದಿಡುತ್ತಾನೆ. ಅದರ ಭಾಷೆ ಸಂಸ್ಕೃತ. ಕಾದಂಬರಿಯ ಪ್ರಕಾರ ಅದೇ ಅವನ ಮಾತೃಭಾಷೆ. ಸಾಲದ್ದಕ್ಕೆ ಅದನ್ನು ಗುಪ್ತಲಿಪಿಯಲ್ಲಿ ಬರೆದಿದ್ದಾನೆ. ತಲೆಮಾರುಗಳ ನಂತರ ಮನೆಯ ಕೊನೆಯ ಕುಡಿ ಸಂಸ್ಕೃತ ಕಲಿತು ಅದನ್ನು ಓದಲು ಕೂರುತ್ತಾನೆ. ಏನು ಸಿಕ್ಕಿತು ಎಂಬುದನ್ನು ಇಲ್ಲಿ ಹೇಳಿ ನಿಮ್ಮ ಓದು ಕೆಡಿಸುವುದಿಲ್ಲ. ಊರಿಗೆಲ್ಲ ಹಂಚಿದ ಮಾಯೆಯ ನಡುವೆ ಒಂದು ಕೋಣೆ ಮಾತ್ರ ಮುಚ್ಚಿರುತ್ತದೆ. ಆ ಕೋಣೆಯ ಸೆಳೆತ ಕೊನೆಯ ಪುಟದವರೆಗೂ ಬಿಡುವುದಿಲ್ಲ.

ಇಸಬೆಲ್ ಅಯೆಂದೆ ಅವರ ‘ದಿ ಹೌಸ್ ಆಫ್ ದಿ ಸ್ಪಿರಿಟ್ಸ್’ (1982) ಇನ್ನೂ ಮೃದುವಾದ ದಾರಿ. ಕ್ಲಾರಾ ಮುಂದಾಗುವುದನ್ನು ಬಲ್ಲವಳು, ಮೇಜಿನ ಸುತ್ತ ಕೂತು ಆತ್ಮಗಳನ್ನು ಕರೆಯುವವಳು. ಅದೆಲ್ಲ ಅವಳ ಮನೆಗೆಲಸದ ಭಾಗವೇನೋ ಎಂಬಷ್ಟು ಸಹಜ. ಕಥೆ ಮುಂದಕ್ಕೆ ಹೋದಂತೆ ಆತ್ಮಗಳು ಹಿಂದೆ ಸರಿಯುತ್ತವೆ, 1973ರ ಚಿಲಿಯ ಸೈನಿಕ ದಂಗೆ ಮುಂದೆ ಬರುತ್ತದೆ. ದೇಶದ ಹೆಸರು ಎಲ್ಲೂ ಹೇಳಿಲ್ಲ, ಹೇಳುವ ಅಗತ್ಯವೂ ಬೀಳುವುದಿಲ್ಲ. ಆಗ ಉರುಳಿಸಲ್ಪಟ್ಟ ಸರ್ಕಾರದ ಅಧ್ಯಕ್ಷ ಸಾಲ್ವದೋರ್ ಅಯೆಂದೆ ಲೇಖಕಿಯ ತಂದೆಯ ಸೋದರ ಸಂಬಂಧಿ. ಸಾಯುತ್ತಿದ್ದ ಅಜ್ಜನಿಗೆ ಪತ್ರ ಬರೆಯಲು ಕೂತದ್ದು ಈ ಕಾದಂಬರಿಯಾಯಿತು. ಸಂಸಾರದ ಕಥೆ ಇಷ್ಟಪಡುವವರು ಮಾರ್ಕ್ವೆಜ್‌ಗಿಂತ ಮೊದಲು ಇದನ್ನೇ ಓದಿದರೂ ಆದೀತು.

ಇನ್ನು ಮಿಖಾಯಿಲ್ ಬುಲ್ಗಾಕೊವ್ ಅವರ ‘ದಿ ಮಾಸ್ಟರ್ ಆಂಡ್ ಮಾರ್ಗರೀಟಾ’. 1930ರ ದಶಕದ ಮಾಸ್ಕೋ. ದೇವರಿಲ್ಲ, ಸೈತಾನನೂ ಇಲ್ಲ ಎಂದು ಸರ್ಕಾರ ತೀರ್ಮಾನಿಸಿರುವ ಊರು. ಅಲ್ಲಿಗೆ ಸೈತಾನನೇ ಬರುತ್ತಾನೆ, ಜೊತೆಗೆ ಮಾತಾಡುವ ದೊಡ್ಡ ಕಪ್ಪು ಬೆಕ್ಕು. ಕಣ್ಣೆದುರು ನಡೆದದ್ದನ್ನು ಅಧಿಕಾರಿಗಳು ಒಪ್ಪುವಂತಿಲ್ಲ. ಹಾಗಾಗಿ ಕಂಡವರೆಲ್ಲ ಹುಚ್ಚಾಸ್ಪತ್ರೆ ಸೇರುತ್ತಾರೆ. ನಡುನಡುವೆ ಇನ್ನೊಂದು ಕಥೆ, ಯೇಸುವಿಗೆ ಶಿಕ್ಷೆ ಕೊಟ್ಟ ರೋಮನ್ ಅಧಿಕಾರಿ ಪಿಲಾತನದ್ದು. ಮಾಸ್ಕೋದ ಭಾಗದಲ್ಲಿ ಮಾಯೆ ಕುಣಿಯುತ್ತದೆ, ಪಿಲಾತನ ಭಾಗದಲ್ಲಿ ಒಂದು ಪವಾಡವೂ ಇಲ್ಲ. ಎರಡನ್ನೂ ಸೇರಿಸುವ ಎಳೆ ಹೇಡಿತನ. ಅಧಿಕಾರಕ್ಕೆ ಹೆದರಿ ಗೊತ್ತಿದ್ದೂ ಸುಮ್ಮನಿದ್ದವರ ಕಥೆ ಇದು. ಬುಲ್ಗಾಕೊವ್ 1930ರಲ್ಲಿ ಮೊದಲ ಕರಡನ್ನು ತಾವೇ ಸುಟ್ಟರು, ಮತ್ತೆ ಬರೆದರು. 1940ರಲ್ಲಿ ತೀರಿಕೊಳ್ಳುವವರೆಗೂ ತಿದ್ದುತ್ತಿದ್ದರು. ಹೆಂಡತಿ ಯೆಲೆನಾ ಹಸ್ತಪ್ರತಿಯನ್ನು ಕಾಪಾಡಿದರು. ಪತ್ರಿಕೆಯೊಂದರಲ್ಲಿ ಅದು ಬೆಳಕು ಕಂಡದ್ದು 1966–67ರಲ್ಲಿ, ಅದೂ ಕತ್ತರಿ ಪ್ರಯೋಗವಾದ ಮೇಲೆ.

ಕೊಳ್ಳುವಾಗ ಅನುವಾದಕರ ಹೆಸರು ನೋಡಲೇಬೇಕು ಎಂದು ನಾನು ಒತ್ತಾಯಿಸುವುದು ಇದೇ ಕಾರಣಕ್ಕೆ. ಮಿರ್ರಾ ಗಿನ್ಸ್‌ಬರ್ಗ್ ಅವರ 1967ರ ಇಂಗ್ಲಿಷ್ ಅನುವಾದ ಓದಲು ಸೊಗಸು, ಆದರೆ ಅದು ಕತ್ತರಿ ಬಿದ್ದ ಪಠ್ಯದಿಂದ ಮಾಡಿದ್ದು. ಈಗಲೂ ಮುದ್ರಣದಲ್ಲಿ ಸಿಗುತ್ತದೆ. ಪೂರ್ತಿ ಪಠ್ಯ ಬೇಕೆಂದರೆ ಬರ್ಗಿನ್ ಮತ್ತು ಓ’ಕಾನರ್ (1995) ಅಥವಾ ಪೆವಿಯರ್ ಮತ್ತು ವೊಲೊಕೋನ್‌ಸ್ಕಿ (1997) ಅವರದ್ದು ತೆಗೆದುಕೊಳ್ಳಿ. ಮಾರ್ಕ್ವೆಜ್‌ಗೆ ಗ್ರೆಗರಿ ರಬಾಸಾ ಅವರ 1970ರ ಅನುವಾದ ಕಣ್ಣು ಮುಚ್ಚಿ ಕೊಳ್ಳಬಹುದು. ತೊಕಾರ್ಚುಕ್‌ಗೆ ಜೆನಿಫರ್ ಕ್ರಾಫ್ಟ್ (2021). ಪಾವಿಚ್ ಪುಸ್ತಕದಲ್ಲಿ ಗಂಡು ಪ್ರತಿ, ಹೆಣ್ಣು ಪ್ರತಿ ಎಂದು ಎರಡಿವೆ, ವ್ಯತ್ಯಾಸ ಒಂದೇ ಒಂದು ಪ್ಯಾರಾದಷ್ಟು. ಯಾವುದು ಸಿಕ್ಕಿದರೂ ತೊಂದರೆಯಿಲ್ಲ. ಆದರೆ ಅದನ್ನೂ ತೊಕಾರ್ಚುಕ್ ಅವರದ್ದನ್ನೂ ಫೋನಿನಲ್ಲಿ ಓದಲು ಹೋಗಬೇಡಿ. ಎರಡರಲ್ಲೂ ಪುಟಗಳ ನಡುವೆ ಬೆರಳಿಟ್ಟುಕೊಂಡು ಹಿಂದೆ ಮುಂದೆ ಓಡಾಡಬೇಕು. ಅಚ್ಚಾದ ಪುಸ್ತಕ ದುಬಾರಿ ಅನ್ನಿಸಿದರೆ ಹಳೆಯ ಪುಸ್ತಕದ ಅಂಗಡಿಯಲ್ಲೋ ಗ್ರಂಥಾಲಯದಲ್ಲೋ ಹುಡುಕಿ.